ಮೊಮೆಂಟಮ್ 30 ಪಟ್ಟಿ ಮನೆಯ ಲ್ಯಾಪ್‌ಟಾಪಿನಲ್ಲೇ: ನನ್ನ ಅನುಭವ

ಈ ಸಲ 30ಕ್ಕೆ 29. ನಿಫ್ಟಿ 200 ಮೊಮೆಂಟಮ್ 30 ಸೂಚ್ಯಂಕದ 2025ರ ಜೂನ್ ಬದಲಾವಣೆಗೆ ನಾನು ಮೇ ಕೊನೆಯ ರಾತ್ರಿ ಕೂತು ತೆಗೆದ ಪಟ್ಟಿಗೂ ಎನ್‌ಎಸ್‌ಇ ಇಂಡೈಸಸ್ ಕಂಪನಿ ಪ್ರಕಟಿಸಿದ ಪಟ್ಟಿಗೂ ಒಂದೇ ಒಂದು ಹೆಸರು ವ್ಯತ್ಯಾಸ. ಅದೂ 30ನೇ ಸ್ಥಾನ ಮತ್ತು 31ನೇ ಸ್ಥಾನದ ನಡುವೆ, ದಶಾಂಶದ ಮೂರನೇ ಅಂಕೆಯಲ್ಲಿ. ಅದನ್ನು ನಾನು ತಪ್ಪು ಅಂತ ಲೆಕ್ಕಕ್ಕೆ ಇಟ್ಟಿಲ್ಲ.

ನಿಫ್ಟಿ 200 ಮೊಮೆಂಟಮ್ 30 ಅಂದರೆ ಎನ್‌ಎಸ್‌ಇ ಷೇರುಪೇಟೆಯ 200 ದೊಡ್ಡ ಕಂಪನಿಗಳಲ್ಲಿ, ಬೆಲೆಯ ಏರಿಳಿತಕ್ಕೆ ಹೋಲಿಸಿದರೆ ಇತ್ತೀಚೆಗೆ ಹೆಚ್ಚು ಏರಿದ 30 ಷೇರುಗಳ ಪಟ್ಟಿ. 2020ರಲ್ಲಿ ಬಂದ ಸೂಚ್ಯಂಕ, ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ ಬದಲಾಗುತ್ತದೆ. ಲೆಕ್ಕದ ವಿಧಾನವನ್ನು ಕಂಪನಿಯೇ ಪಿಡಿಎಫ್ ಮಾಡಿ ಪುಕ್ಕಟೆ ಕೊಟ್ಟಿದೆ. ಹಾಗಾದರೆ ನಾವೇ ಯಾಕೆ ಮಾಡಬಾರದು ಅನ್ನೋದು ನನ್ನ ಹಟ. ನಮ್ಮ ಭಾವ ಸಿಎ. ದಾವಣಗೆರೆಯ ಅವರ ಆಫೀಸಿನಲ್ಲಿ ಕೂತು ಮೊದಲ ಸಲ ಹೇಳಿದಾಗ, "ಸುಮ್ನೆ ಒಂದು ಇಂಡೆಕ್ಸ್ ಫಂಡ್ ತಗೊಳಪ್ಪಾ, ನಿಂಗ್ಯಾಕೆ ಈ ಉಸಾಬರಿ" ಅಂದರು. ಸೂಚ್ಯಂಕದ ಪಟ್ಟಿಯನ್ನೇ ನಮ್ಮ ಪರವಾಗಿ ಕೊಳ್ಳುವ ಮ್ಯೂಚುವಲ್ ಫಂಡ್ ಅದು. 2021ರ ಡಿಸೆಂಬರ್ ಇರಬೇಕು. ಆರು ಲಕ್ಷ ತೆಗೆದಿಟ್ಟು ಶುರು ಮಾಡಿದೆ.

ಮೊದಲ ಸಲ 30ಕ್ಕೆ 19 ಕೂಡಿತು. ಕಾರಣ ಹುಡುಕೋಕೆ ಎರಡು ತಿಂಗಳು ಹಿಡಿಯಿತು. ಪಿಡಿಎಫ್‌ನಲ್ಲಿರೋದು ಬದಲಾವಣೆಯ ಹಿಂದಿನ ತಿಂಗಳ ಕೊನೆಯ ಬೆಲೆ. ನಾನು ಬದಲಾವಣೆಯ ತಿಂಗಳ ಮಧ್ಯದ ಬೆಲೆ ಹಾಕಿದ್ದೆ. ಅದೇ ಸಾಲನ್ನು ಹತ್ತು ಸಲ ಓದಿದ್ದೆ ಅನ್ನೋದು ಬೇರೆ ಮಾತು.

ಜಾಸ್ತಿ ಪೆಟ್ಟು ಕೊಟ್ಟಿದ್ದು ಬೋನಸ್. 2022ರ ಜೂನ್‌ನಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 100 ಷೇರು ತಗೊಂಡಿದ್ದೆ, 230ರ ಆಸುಪಾಸು. ಸೆಪ್ಟೆಂಬರ್‌ನಲ್ಲಿ ಅವರು ಒಂದಕ್ಕೆ ಎರಡು ಬೋನಸ್ ಕೊಟ್ಟರು, ಅಂದರೆ ಒಂದು ಷೇರಿಗೆ ಇನ್ನೆರಡು ಪುಕ್ಕಟೆ. ಬೆಲೆ ಮೂರನೇ ಒಂದು ಭಾಗಕ್ಕೆ ಇಳಿಯಿತು, ಇಳಿಯಲೇಬೇಕು. ಆದರೆ ನನ್ನ ಎಕ್ಸೆಲ್‌ಗೆ ಬೋನಸ್ ಗೊತ್ತಿಲ್ಲ. ಅದು ಭಾವ್‌ಕಾಪಿಯ, ಅಂದರೆ ಎನ್‌ಎಸ್‌ಇ ದಿನವೂ ಕೊಡುವ ಬೆಲೆಪಟ್ಟಿಯ, ಬೆಲೆಯನ್ನಷ್ಟೇ ನೋಡುತ್ತದೆ. ಡಿಸೆಂಬರ್ ಲೆಕ್ಕದಲ್ಲಿ ಬಿಇಎಲ್ ಅರ್ಧಕ್ಕಿಂತ ಹೆಚ್ಚು ಬಿದ್ದಿದೆ, ಏರಿಳಿತ ಭಯಂಕರ, ಮಾರು ಅಂತ ಕೆಂಪು ಬಣ್ಣ ತೋರಿಸಿತು. ಡಿಮ್ಯಾಟ್‌ನಲ್ಲಿ ನೂರು ಷೇರು ಮುನ್ನೂರಾಗಿದ್ದು ಕಣ್ಣೆದುರಿಗೇ ಇತ್ತು. ಆದರೂ ಸಿಸ್ಟಮ್ ಹೇಳಿದಂತೆ ಮಾಡಬೇಕು ಅಂತ ಮುನ್ನೂರನ್ನೂ ಮಾರಿದೆ, ನೂರು ರೂಪಾಯಿ ಚಿಲ್ಲರೆಗೆ. ಒಂದೂವರೆ ವರ್ಷದಲ್ಲಿ ಅದರ ಬೆಲೆ ಮುನ್ನೂರು ರೂಪಾಯಿ ದಾಟಿತು. ಲೆಕ್ಕ ನೀವೇ ಹಾಕಿ, ನನಗೆ ಹಾಕೋಕೆ ಇಷ್ಟವಿಲ್ಲ.

ಆಮೇಲೆ ಬೋನಸ್, ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯೋದು), ರೈಟ್ಸ್ (ಇರುವ ಷೇರುದಾರರಿಗೇ ಹೊಸ ಷೇರು ಮಾರೋದು) ಎಲ್ಲಕ್ಕೂ ಬೇರೆ ಶೀಟ್ ಮಾಡಿದೆ. ದಿನಾಂಕ, ಭಾಗಿಸುವ ಅಂಕೆ, ಅಷ್ಟೇ. ಡಿಮರ್ಜರ್, ಅಂದರೆ ಒಂದು ಕಂಪನಿ ಒಡೆದು ಎರಡಾಗೋದು, ಮಾತ್ರ ತಲೆನೋವು. ರಿಲಯನ್ಸ್‌ನಿಂದ ಜಿಯೊ ಫೈನಾನ್ಷಿಯಲ್ ಬೇರೆ ಆದಾಗ, 2023ರ ಜುಲೈ 20ರ ಬೆಳಿಗ್ಗೆ ವಿಶೇಷ ಸೆಷನ್ ಇಟ್ಟು, ಹೊಸ ಕಂಪನಿಯ ಬೆಲೆ 261.85 ಅಂತ ಸಿಕ್ಕಿತು. ಹೀಗೆ ಸಿಕ್ಕರೆ ಸುಲಭ, ಹಿಂದಿನ ಬೆಲೆಗಳನ್ನು ಅದೇ ಪ್ರಮಾಣದಲ್ಲಿ ಇಳಿಸಿದರಾಯಿತು. ಇಂಥ ಷೇರುಗಳ ಏರಿಳಿತದ ಲೆಕ್ಕದಲ್ಲಿ ಆ ಒಂದು ದಿನವನ್ನು ಏನು ಮಾಡ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ.

2024ರ ಜುಲೈನಲ್ಲಿ ಭಾವ್‌ಕಾಪಿಯ ಫಾರ್ಮ್ಯಾಟೇ ಬದಲಾಯಿತು. ಕಾಲಂ ಹೆಸರೆಲ್ಲ ಹೊಸದು. ಒಂದು ಭಾನುವಾರ ಪೂರ್ತಿ ಹೋಯಿತು, ಮನೆಯವಳ ತವರಿನ ಮದುವೆಯೂ ತಪ್ಪಿತು. ಅದರ ಬಗ್ಗೆ ಈಗಲೂ ಆಗಾಗ ಕೇಳಿಸಿಕೊಳ್ತೀನಿ.

ಖರ್ಚಿನ ಮಾತಿಗೆ ಬರೋಣ. ಒಂದು ಸಲಕ್ಕೆ ಸುಮಾರು ಅರ್ಧ ಪಟ್ಟಿ ಬದಲಾಗುತ್ತದೆ. ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಕೊಂಡರೂ ಮಾರಿದರೂ ಶೇ 0.1. ಮಾರಿದಾಗ ಡಿಪಿ ಚಾರ್ಜ್ (ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯುವ ಶುಲ್ಕ) ಕಂಪನಿಗೆ ಒಂದರಂತೆ ಹದಿನೈದು ಹದಿನಾರು ರೂಪಾಯಿ, ಎಷ್ಟು ಷೇರು ಮಾರಿದರೂ ಅಷ್ಟೇ. ಇವೆಲ್ಲ ಕಡಲೆಕಾಯಿ. ನಿಜವಾದ ಹೊಡೆತ ತೆರಿಗೆ. ಆರು ತಿಂಗಳಿಗೊಮ್ಮೆ ಮಾರುವವನಿಗೆ ಬಹುಪಾಲು ಲಾಭ ಶಾರ್ಟ್ ಟರ್ಮ್, ಅಂದರೆ ವರ್ಷದೊಳಗೆ ಮಾರಿ ಬಂದದ್ದು. 2024ರ ಜುಲೈ 23ರಿಂದ ಅದರ ತೆರಿಗೆ ಶೇ 15 ಇದ್ದದ್ದು 20 ಆಯಿತು. ಫಂಡ್ ಒಳಗೆ ಎಷ್ಟು ಸಲ ಮಾರಿದರೂ ನಮಗೆ ತೆರಿಗೆ ಬರೋದಿಲ್ಲ ಅಂತ ಭಾವ ಹೇಳಿದ್ದು ಸರಿಯಾಗೇ ಇತ್ತು, ಒಪ್ತೀನಿ. ಅದಕ್ಕೇ ನಾನು ಪಟ್ಟಿ ಕಂಪನಿಯ ನಿಯಮದಂತೆ ತೆಗೆದರೂ, ಪಟ್ಟಿಯಿಂದ ಬಿದ್ದ ಷೇರನ್ನು ತಕ್ಷಣ ಮಾರೋದಿಲ್ಲ. ಎಷ್ಟನೇ ಸ್ಥಾನಕ್ಕೆ ಜಾರುವವರೆಗೆ ಕಾಯ್ತೀನಿ ಅನ್ನೋ ಅಂಕೆ ಹೇಳಲ್ಲ, ಅದಕ್ಕೆ ಎರಡು ವರ್ಷ ಸುರಿದಿದ್ದೇನೆ. ಮಾರಾಟ ಮಾತ್ರ ಮೂರನೇ ಒಂದರಷ್ಟು ಕಡಿಮೆ ಆಗಿದೆ.

ಮಧ್ಯೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ನಿಫ್ಟಿ 50ಕ್ಕೆ (ಎನ್‌ಎಸ್‌ಇಯ 50 ದೊಡ್ಡ ಕಂಪನಿಗಳ ಸೂಚ್ಯಂಕ) ಯಾವ ಕಂಪನಿ ಸೇರುತ್ತೆ ಅಂತ ಮೊದಲೇ ಊಹಿಸಿ ಕೊಳ್ಳೋದು. ಜುಲೈ 31ಕ್ಕೆ ಮುಗಿಯುವ ಆರು ತಿಂಗಳ ಸರಾಸರಿ ಫ್ರೀ ಫ್ಲೋಟ್ (ಪೇಟೆಯಲ್ಲಿ ಕೊಳ್ಳಲು ಸಿಗುವ ಷೇರುಗಳ ಒಟ್ಟು ಬೆಲೆ) ಲೆಕ್ಕ ಹಾಕಿದರೆ 2024ರಲ್ಲಿ ಟ್ರೆಂಟ್ ಮತ್ತು ಬಿಇಎಲ್ ಬರುತ್ತವೆ ಅಂತ ಸಿಕ್ಕಿತು. ಬಂದವೂ ಅವೇ, ಸೆಪ್ಟೆಂಬರ್ 30ರಿಂದ. ಹಳೇ ಸಿಟ್ಟಿಗೆ ಬಿಇಎಲ್ ಮಾತ್ರ ತಗೊಂಡೆ, ಮುನ್ನೂರರ ಮೇಲೆ. ಟ್ರೆಂಟ್ ದುಬಾರಿ ಅನ್ನಿಸಿತು. ಸೆಪ್ಟೆಂಬರ್ ಮುಗಿಯುವಾಗ ಬಿಇಎಲ್ ಕೊಂಡ ಬೆಲೆಗಿಂತ ಕೆಳಗಿತ್ತು, ಟ್ರೆಂಟ್ ಸಿಕ್ಕಾಪಟ್ಟೆ ಏರಿತ್ತು. ಊಹೆ ಸರಿ, ದುಡ್ಡು ನಷ್ಟ. ಆ ಆಟ ಅಲ್ಲಿಗೇ ಬಿಟ್ಟೆ.

ನಿಫ್ಟಿ 26,000 ದಾಟಿದ ಆ ಸೆಪ್ಟೆಂಬರ್‌ನಲ್ಲಿ ನನ್ನ ಆರು ಲಕ್ಷ ಹನ್ನೊಂದೂವರೆ ಹತ್ತಿರ ಇತ್ತು. ಮಾರ್ಚ್‌ಗೆ ಎಂಟಕ್ಕೆ ಇಳಿಯಿತು. ಮೊಮೆಂಟಮ್ ಬೀಳುವಾಗ ಹೀಗೇ ಬೀಳೋದು, ಗೊತ್ತಿತ್ತು, ಆದರೂ ನಾಲ್ಕೈದು ದಿನ ಆ್ಯಪ್ ತೆರೆಯಲೇ ಇಲ್ಲ. ಭಾವ ಫೋನ್ ಮಾಡಿ "ಹೆಂಗಿದೀಯಪ್ಪಾ" ಅಂದರು. ಷೇರಿನ ಮಾತು ಎತ್ತಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಈಗ ಸೂಚ್ಯಂಕದ ಟಿಆರ್‌ಐ (ಡಿವಿಡೆಂಡ್ ಸೇರಿಸಿದ ಲೆಕ್ಕ) ಜೊತೆ ಹೋಲಿಸಿದರೆ, ತೆರಿಗೆ ಬಿಟ್ಟು, ಶುರುವಿನಿಂದ ವರ್ಷಕ್ಕೆ ಒಂದೂವರೆ ಪರ್ಸೆಂಟ್ ಮುಂದೆ ಇದ್ದೇನೆ. ತೆರಿಗೆ ಹಿಡಿದರೆ ಹೆಚ್ಚುಕಡಿಮೆ ಸಮ. ಮೊದಲ ವರ್ಷ ಏಳು ಪರ್ಸೆಂಟ್ ಹಿಂದಿದ್ದವನಿಗೆ ಇದು ಸಣ್ಣದಲ್ಲ ಅಲ್ವಾ?

ಜುಲೈನಲ್ಲಿ ಭಾವನೇ ಆ ಎಕ್ಸೆಲ್ ಕಳಿಸು ಅಂದರು. ಕಳಿಸಿದೆ. ಒಂದು ಕಾಲಂನಲ್ಲಿ ಮಾತ್ರ ಫಾರ್ಮುಲಾ ತೆಗೆದು ಬರೀ ಅಂಕೆ ಅಂಟಿಸಿದ್ದೇನೆ. ಅವರಿನ್ನೂ ನೋಡಿಲ್ಲ.