ಪ್ರಶ್ನಾವಳಿಗೆ ಸಿಗದ ಮುಯ್ಯಾಳು

ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರ ಆಳುಗಳ ಸಮಸ್ಯೆಯನ್ನು ಪಿಎಚ್.ಡಿ.ಗೆ ವಿಷಯವಾಗಿ ಆರಿಸಿಕೊಂಡಾಗ ನನ್ನ ಕೈಯಲ್ಲಿದ್ದದ್ದು ಪ್ರಶ್ನಾವಳಿಯೊಂದೇ. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರ್‌ವರೆಗಿನವರೆಲ್ಲ ಸಣ್ಣ ಬೆಳೆಗಾರರೇ. ಕೊಯ್ಲಿನ ಕಾಲದಲ್ಲಿ ಎಷ್ಟು ದಿನ ಆಳು ಸಿಗಲಿಲ್ಲವೆಂದು ಮನೆಮನೆಗೆ ಹೋಗಿ ಕೇಳಿ, ಉತ್ತರಗಳನ್ನು ಕೋಷ್ಟಕಕ್ಕೆ ಇಳಿಸಿದಾಗ, ಎರಡು ಮೂರು ಎಕರೆಯವರಲ್ಲಿ ಹಲವರು ‘ಕೊರತೆ ಇಲ್ಲ’ ಎಂದೇ ಬರೆಸಿದ್ದುದು ಕಂಡಿತು. ಮನೆಯವರೇ ಕೊಯ್ದುಕೊಳ್ಳುತ್ತಾರೆಂದು ಬರೆದು ಮುಂದಿನ ಅಧ್ಯಾಯಕ್ಕೆ ಹೋಗಲು ನಾನು ಸಿದ್ಧಳಾಗಿದ್ದೆ.

ನನ್ನನ್ನು ತಡೆದದ್ದು, ಅಂಕಿಗಳನ್ನೂ ಸಂದರ್ಶನದ ಮಾತುಗಳನ್ನೂ ಒಂದೇ ಅಧ್ಯಯನದಲ್ಲಿ ಬೆರೆಸುವ ಮಿಶ್ರ ವಿಧಾನ ಸಂಶೋಧನೆಯ ಓದು. ಒಂದೇ ಗುಣವನ್ನು ಹಲವು ವಿಧಾನಗಳಿಂದ ಅಳೆಯಬೇಕೆಂದು ಮನಶ್ಶಾಸ್ತ್ರಜ್ಞರಾದ ಕ್ಯಾಂಪ್‌ಬೆಲ್ ಮತ್ತು ಫಿಸ್ಕ್ 1959ರಲ್ಲೇ ಹೇಳಿದ್ದರೂ ಅವರ ಕಾಳಜಿ ಅಳತೆ ಸರಿಯಿದೆಯೇ ಎಂಬುದಷ್ಟೇ ಆಗಿತ್ತು. 1989ರಲ್ಲಿ ಗ್ರೀನ್, ಕ್ಯಾರಸೆಲ್ಲಿ, ಗ್ರಹಾಂ ಎಂಬ ಸಂಶೋಧಕರು ಅಂಕಿಯನ್ನೂ ಮಾತನ್ನೂ ಬೆರೆಸುವುದಕ್ಕೆ 5 ಉದ್ದೇಶಗಳನ್ನು ಗುರುತಿಸಿದರು. ಎರಡು ವಿಧಾನಗಳ ಫಲಿತಗಳು ಹೊಂದದಿರುವಲ್ಲಿ ಹೊಸ ಪ್ರಶ್ನೆ ಎತ್ತುವುದು ಅವುಗಳಲ್ಲೊಂದು. 2003ರಲ್ಲಿ ಕೈಪಿಡಿ, 2007ರಲ್ಲಿ ಪತ್ರಿಕೆ, 2013ರಲ್ಲಿ ಅಂತರರಾಷ್ಟ್ರೀಯ ಸಂಘ ಬಂದು ಇದೊಂದು ಸ್ವತಂತ್ರ ಕ್ಷೇತ್ರವಾಯಿತಾದರೂ, ನನಗೆ ದಾರಿ ತೋರಿದ್ದು 1989ರ ಆ ಒಂದು ಉದ್ದೇಶವೇ.

‘ಕೊರತೆ ಇಲ್ಲ’ ಎಂದವರ ಮನೆಗಳಿಗೇ ಮತ್ತೆ ಹೋಗಿ, ಕಾಗದವಿಲ್ಲದೆ ಜಗಲಿಯಲ್ಲಿ ಕುಳಿತೆ. “ಕೂಲಿಯೋರನ್ನ ಯಾಕೆ ಕರೀಬೇಕು ಮಗಾ, ಮುಯ್ಯಾಳು ಬರ್ತಾರಲ್ಲ” ಎಂದರು ಒಬ್ಬ ಅಜ್ಜಿ. ಇಂದು ನಮ್ಮ ತೋಟದಲ್ಲಿ ದುಡಿದವರಿಗೆ ನಾಳೆ ಅವರ ತೋಟದಲ್ಲಿ ದುಡಿದು ತೀರಿಸುವ ಈ ಮುಯ್ಯಿಯನ್ನು ಬಾಲ್ಯದಿಂದ ನೋಡಿದ್ದ ನಾನು ಅದಕ್ಕೊಂದು ಪ್ರಶ್ನೆಯನ್ನೇ ಇಟ್ಟಿರಲಿಲ್ಲ! ಮಾತು ಮುಂದುವರಿದಂತೆ ಕೊರತೆಯ ನಿಜವಾದ ರೂಪ ತಿಳಿಯಿತು. ಅಕ್ಕಪಕ್ಕದ ತೋಟಗಳಲ್ಲಿ ಅರೇಬಿಕಾ ಕಾಫಿ ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುವುದರಿಂದ ಸರದಿಯಲ್ಲಿ ಕೊನೆಯವರ ಹಣ್ಣು ಉದುರುತ್ತದೆ. ಮಕ್ಕಳು ಬೆಂಗಳೂರು ಸೇರಿದ ಮನೆಯವರು ಮುಯ್ಯಿ ತೀರಿಸಲಾಗದೆ, ಮರುವರ್ಷ ಯಾರನ್ನೂ ಕರೆಯಲು ಸಂಕೋಚಪಡುತ್ತಾರೆ. ಅಂಥವರೂ ನನ್ನ ಕೋಷ್ಟಕದಲ್ಲಿ ‘ಕೊರತೆ ಇಲ್ಲ’ದವರೇ ಆಗಿದ್ದರು, ಏಕೆಂದರೆ ಅವರು ಆಳನ್ನು ಹುಡುಕಿಯೇ ಇರಲಿಲ್ಲ.

ಮೊದಲ ಕರಡಿನಲ್ಲಿ ಅಂಕಿಗೊಂದು, ಸಂದರ್ಶನಕ್ಕೊಂದು ಅಧ್ಯಾಯ ಮಾಡಿ ಪಕ್ಕಪಕ್ಕದಲ್ಲಿಟ್ಟಿದ್ದೆ. ಅದು ಬೆರೆಸಿದಂತಾಗಲಿಲ್ಲ. ಆಮೇಲೆ ಒಂದೇ ಹಾಳೆಯಲ್ಲಿ ಪ್ರತಿ ಮನೆಯ ಅಂಕಿಯ ಎದುರಿಗೆ ಆ ಮನೆಯವರ ಮಾತನ್ನು ಬರೆದು, ಎರಡೂ ಹೊಂದದ ಸಾಲುಗಳಿಗೆ ಕೆಂಪು ಗೆರೆ ಎಳೆದೆ. ಕೆಂಪು ಗೆರೆಯ ಸಾಲುಗಳಿಂದಲೇ ಮುಂದಿನ ಕೊಯ್ಲಿನ ಪ್ರಶ್ನಾವಳಿ ಹುಟ್ಟಿತು. ಅದರ ಮೊದಲ ಪ್ರಶ್ನೆ: “ಈ ವರ್ಷ ನೀವು ಯಾರಿಗೆ ಎಷ್ಟು ದಿನದ ಮುಯ್ಯಿ ತೀರಿಸಬೇಕಾಗಿದೆ?”