ಬುಧವಾರ ನನ್ನ ಪಾಳಿ: ಗೆಳೆಯನ ಜೊತೆ ಒಂದು ಮಳೆಗಾಲ

ಈ ಸಲ ಹುತ್ತರಿಗೆ, ಅಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬಕ್ಕೆ, ಕದಿರು ತೆಗೆಯುವಾಗ ನನ್ನ ಗೆಳೆಯ ನಮ್ಮ ಜೊತೆ ಗದ್ದೆಯಲ್ಲಿದ್ದ. ‘ಪೊಲಿ ಪೊಲಿ ದೇವಾ’ ಎಂದು ನಮಗಿಂತ ಜೋರಾಗಿ ಕೂಗಿದ. ಜೂನ್‌ನಲ್ಲಿ ಇದೇ ಹುಡುಗ ಕೋಣೆಯ ಬಾಗಿಲು ತೆಗೆಯುತ್ತಿರಲಿಲ್ಲ. ಅವನ ಮನೆಗೆ ಹೋಗಿಬರುವುದು ‘ಸುಮ್ನೆ ಪೆಟ್ರೋಲ್ ದಂಡ’ ಎಂದು ನಮಗೆ ಹೇಳಿದವರು ಬಹಳ ಜನ. ಅದಕ್ಕೇ ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ಹಟ್ಟಿಹೊಳೆ ಕಡೆ ಗುಡ್ಡ ಜಾರಿದಾಗ ಅವರ ಒಂದೂವರೆ ಎಕರೆ ಕಾಫಿ ಮಣ್ಣಿನಡಿ ಹೋಯಿತು. ಆಗಿನಿಂದ ಜೋರು ಮಳೆ ಬಂದರೆ ಅವನಿಗೆ ನಿದ್ದೆಯಿಲ್ಲ. ಆಮೇಲೆ ಅಪ್ಪ ತೀರಿಕೊಂಡರು. ಸಾಲ ಇವನ ತಲೆಗೆ ಬಂತು.

ನಾವು ಮೊದಲು ಮಾಡಿದ್ದೆಲ್ಲ ತಪ್ಪು. ಜೀಪ್ ಮಾಡಿ ಮಾಂದಲಪಟ್ಟಿ ಬೆಟ್ಟಕ್ಕೆ ಕರೆದೊಯ್ದೆವು, ಸುಮಾರು 4,000 ಆಯಿತು. ಎಲ್ಲರ ಮುಂದೆ ನಕ್ಕ, ಮನೆಗೆ ಬಂದು ಮೂರು ದಿನ ಮಲಗಿದ. ಆಮೇಲೆ ನಾನು 15,000 ಕೈಗೆ ಕೊಟ್ಟೆ. ಅದು ಇನ್ನೂ ಕೆಟ್ಟದಾಯಿತು. ವಾಪಸ್ ಕೊಡಲಾಗದ ನಾಚಿಕೆಗೆ ನನ್ನ ಫೋನ್ ಎತ್ತುವುದನ್ನೇ ಬಿಟ್ಟ.

ಕೊನೆಗೆ ಮಾತು ಬಿಟ್ಟು ಕೆಲಸ ಹಿಡಿದೆವು. ನಾಲ್ವರು ಪಾಳಿ ಹಾಕಿಕೊಂಡೆವು. ನನ್ನದು ಬುಧವಾರ, ಭಾನುವಾರ. ಸುಂಟಿಕೊಪ್ಪದಿಂದ ಹೋಗಿಬರಲು 25 ಕಿಲೋಮೀಟರ್ ಇರಬಹುದು. ‘ಹೇಗಿದ್ದೀಯ’ ಎಂದು ಕೇಳುತ್ತಿರಲಿಲ್ಲ. ಕತ್ತಿ ಹಿಡಿದು ನೇರ ತೋಟಕ್ಕೆ ಇಳಿಯುತ್ತಿದ್ದೆ. ಚರಂಡಿ ಬಿಡಿಸುವುದು, ಬಿದ್ದ ಕೊಂಬೆ ಎಳೆಯುವುದು. ಎರಡು ವಾರ ಅವನು ಕಿಟಕಿಯಿಂದ ನೋಡಿದ. ಮೂರನೇ ವಾರ ರೇನ್‌ಕೋಟ್ ಹಾಕಿಕೊಂಡು ಬಂದ. ಪಕ್ಕದಲ್ಲಿ ಕೆಲಸ ಮಾಡುವಾಗ ಮುಖ ನೋಡಬೇಕಾಗಿಲ್ಲ ಅಲ್ವಾ, ಮಾತು ತಾನಾಗಿ ಬಂತು. ಅವನನ್ನು ಹೊರಗೆ ತಂದ ಮಾತು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅದು ನಮ್ಮಿಬ್ಬರಲ್ಲೇ ಇರಲಿ.

ಜುಲೈನ ಒಂದು ಸಂಜೆ, ‘ನಾನಿಲ್ಲದಿದ್ದರೆ ಅಮ್ಮನಿಗೆ ಭಾರ ಕಡಿಮೆ’ ಅಂದ. ನನ್ನ ಎದೆ ಧಸಕ್ಕೆಂದಿತು. ನೇರವಾಗಿ ಕೇಳಿದೆ: ‘ಸಾಯೋ ಯೋಚನೆ ಬರ್ತಿದೆಯೇನೋ?’ ಹಾಗೆ ಕೇಳಿದರೆ ನಾವೇ ತಲೆಗೆ ತುಂಬಿದ ಹಾಗೆ ಎಂದು ಹಿರಿಯರು ಹೆದರಿಸಿದ್ದರು. ಅದು ಸುಳ್ಳು. ಅವನು ಹೂಂ ಅಂದ, ಬಹಳ ಹೊತ್ತು ಅತ್ತ. ಇದನ್ನು ಗುಟ್ಟಾಗಿಡುವುದಿಲ್ಲ ಎಂದು ಅವನಿಗೇ ಹೇಳಿ ಅವನ ದೊಡ್ಡಪ್ಪನನ್ನು ಕರೆಸಿದೆ. ನಮ್ಮ ಕಡೆ ಮನೆಮನೆಯಲ್ಲೂ ಕೋವಿ ಇರುತ್ತದೆ. ಅದನ್ನೂ ತೋಟದ ಔಷಧಿಯನ್ನೂ ದೊಡ್ಡಪ್ಪ ಆ ರಾತ್ರಿಯೇ ತಮ್ಮ ಮನೆಗೆ ಒಯ್ದು ಬೀಗ ಹಾಕಿದರು. ನಾನು ಅಲ್ಲೇ ಉಳಿದೆ. ಪಕ್ಕದಲ್ಲಿ ಕೂತು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿಸಿದೆ. ದಿನವಿಡೀ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮರುದಿನ ಮಡಿಕೇರಿಗೆ ಮನೋವೈದ್ಯರ ಹತ್ತಿರ ಕರೆದೊಯ್ದೆ. ಮಾತ್ರೆ ಕೆಲಸ ಮಾಡಲು ಸುಮಾರು ನಾಲ್ಕು ವಾರ ಬೇಕಾಯಿತು. ಆ ನಾಲ್ಕು ವಾರ ರಾತ್ರಿ ಪಾಳಿಯನ್ನೂ ಹಾಕಿದೆವು. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತ ಹಬ್ಬಕ್ಕೂ ಅದನ್ನು ವಾಪಸ್ ತರಲಿಲ್ಲ. ಅವನೇ ದೊಡ್ಡಪ್ಪನ ಮನೆಗೆ ಹೋಗಿ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಬಂದ.

ಇನ್ನೊಂದು ಪ್ರಯೋಗ ನನ್ನದೇ. ಅವನ ಅಪ್ಪನ ಮಳೆ ಮಾಪಕ ಮೂಲೆಯಲ್ಲಿ ಬಿದ್ದಿತ್ತು. ದಿನಾ ಬೆಳಿಗ್ಗೆ ಏಳಕ್ಕೆ ಎಷ್ಟು ಇಂಚು ಎಂದು ನಮಗೆ ಮೆಸೇಜ್ ಹಾಕು ಅಂದೆ. ಏಳೂವರೆಗೂ ಬರದಿದ್ದರೆ ಹತ್ತಿರವಿದ್ದವನು ಹೋಗಿ ನೋಡಬೇಕು. ಐದು ಇಂಚು ಬಿದ್ದ ರಾತ್ರಿ ಅವನು ಹೆದರಿದ್ದ, ಆದರೂ ಏಳಕ್ಕೆ ಸರಿಯಾಗಿ ‘5’ ಬಂತು. ವಿರಾಜಪೇಟೆಯ ಇನ್ನೊಬ್ಬ ಗೆಳೆಯನ ಮೇಲೆ ಇದನ್ನೇ ಪ್ರಯತ್ನಿಸಿದೆ, ಅವನಿಗೆ ಹಿಡಿಸಲಿಲ್ಲ. ಅವನಿಗೆ ಸಂಜೆ ಜೊತೆಗೆ ನಡೆಯಲು ಒಬ್ಬರು ಬೇಕಿತ್ತು, ಅಷ್ಟೇ.

ಐದು ತಿಂಗಳಿಗೆ ನನ್ನ ಪೆಟ್ರೋಲ್ ಎರಡೂವರೆ ಸಾವಿರ ಆಗಿರಬಹುದು. ಮಾಂದಲಪಟ್ಟಿಯ ಆ ಒಂದು ದಿನಕ್ಕಿಂತ ಕಡಿಮೆ. ಸಾಲ ಇನ್ನೂ ಇದೆ. ಪಟ್ಟಿ ಬರೆದು, ದೊಡ್ಡಪ್ಪನ ಜೊತೆ ಬ್ಯಾಂಕಿಗೆ ಹೋಗಿ ಕಂತು ಸಣ್ಣದು ಮಾಡಿಸಿದ್ದೇವೆ.

ಈಗ ಕೊಯ್ಲಿನ ಸಮಯ, ಮಳೆಯಿಲ್ಲ. ಆದರೂ ಬೆಳಿಗ್ಗೆ ಏಳಕ್ಕೆ ಅವನ ಮೆಸೇಜ್ ಬರುತ್ತದೆ: ‘0’.