ಎರಡು ಸಲ ಮುಳುಗಿದೆ

ನನ್ನ ದೀಕ್ಷಾಸ್ನಾನದ ದಿನ, ಅಂದರೆ ಕ್ರೈಸ್ತರು ನೀರಿನಲ್ಲಿ ತೆಗೆದುಕೊಳ್ಳುವ ದೀಕ್ಷೆಯ ದಿನ, ಮೊದಲ ಸಲ ನನ್ನ ಹಣೆ ಮುಳುಗಲಿಲ್ಲ. ಪಾಸ್ಟರ್ ನನ್ನನ್ನು ಹಿಂದಕ್ಕೆ ಬಾಗಿಸುತ್ತಿದ್ದಂತೆ ಕತ್ತು ಸೆಟೆದುಕೊಂಡೆ, ಅವರ ಮುಂಗೈಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಬಿಟ್ಟೆ. ನೀರು ಕಿವಿಯವರೆಗೆ ಬಂತು, ಅಷ್ಟೇ. ಮುಂದಿನ ಬೆಂಚಿನಲ್ಲಿದ್ದ ಅಜ್ಜ ಒಬ್ಬರು "ಹಣಿ ಮುಳುಗೇ ಇಲ್ಲರೀ!" ಎಂದು ಕೂಗಿದರು. ಇಡೀ ಸಭೆ ನಕ್ಕಿತು. ನನಗೆ ಆಗ 39 ವರ್ಷ.

ದೀಕ್ಷಾಸ್ನಾನ ಎಂದರೆ ಏನು, ಅಧೀನತೆ ಎಂದರೆ ಏನು ಎಂದು ನನ್ನನ್ನು ಆಗಾಗ ಕೇಳುತ್ತಾರೆ. ನಾನು ದೇವಶಾಸ್ತ್ರ ಓದಿದವಳಲ್ಲ, ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸ ಮಾಡಿಕೊಂಡಿರುವವಳು. ನನಗೆ ಆದದ್ದನ್ನು ಹೇಳಬಲ್ಲೆ.

ನಮ್ಮ ಮನೆತನ ಗದಗ ಪಕ್ಕದ ಬೆಟಗೇರಿಯದು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆ ಬಂದರಲ್ಲ, ಆ ಕಾಲದಿಂದ ನಮ್ಮವರು ಕ್ರೈಸ್ತರು. ಆಮೇಲೆ ನಮ್ಮ ಸಭೆ ಸಿಎಸ್‌ಐಗೆ (ದಕ್ಷಿಣ ಭಾರತ ಸಭೆಗೆ) ಸೇರಿತು. ನಮ್ಮಲ್ಲಿ ಕೂಸು ಹುಟ್ಟಿ ಕೆಲವು ತಿಂಗಳಿಗೆಲ್ಲ ಅಯ್ಯನವರು ಹಣೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುತ್ತಾರೆ. ದೊಡ್ಡವರಾದ ಮೇಲೆ ದೃಢೀಕರಣ, ಅಂದರೆ ಆ ನಂಬಿಕೆಯನ್ನು ತಾವೇ ಒಪ್ಪಿ ಹೇಳುವುದು. ನನ್ನ ಅಪ್ಪ ಮಾತ್ರ ಮದುವೆಯಾದ ಮೇಲೆ ಒಂದು ವಿಶ್ವಾಸಿಗಳ ಕೂಟಕ್ಕೆ ಹೋಗಲು ಶುರು ಮಾಡಿದ್ದರು. ನಂಬಿದ ಮೇಲೆ ನೀರಿನಲ್ಲಿ ಮುಳುಗುವುದೇ ಸರಿ, ತಿಳಿವಳಿಕೆ ಇಲ್ಲದ ಕೂಸಿಗೆ ಯಾತಕ್ಕೆ ಎನ್ನುವುದು ಅವರ ವಾದ. ಅಜ್ಜಿ ಬಿಡುತ್ತಿರಲಿಲ್ಲ. "ಕೂಸಿಗೆ ಹಾಲು ಕುಡಿಸಬೇಕಾದ್ರ ಅದರ ಒಪ್ಪಿಗಿ ಕೇಳ್ತೀಯೇನು?" ಎನ್ನುತ್ತಿದ್ದಳು. ಈ ಜಗಳದಲ್ಲಿ ನನಗೆ ಎರಡೂ ಆಗಲಿಲ್ಲ.

ಇವತ್ತಿಗೂ ನನಗೆ ಇಬ್ಬರ ಮೇಲೂ ಸಿಟ್ಟಿಲ್ಲ. ಫಿಲಿಪ್ಪಿಯ ಸೆರೆಮನೆಯ ಯಜಮಾನ ಮನೆಮಂದಿಯೆಲ್ಲರ ಜೊತೆ ದೀಕ್ಷಾಸ್ನಾನ ಮಾಡಿಸಿಕೊಂಡ ಎಂದು ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿದೆ. ಮನೆಮಂದಿ ಎಂದರೆ ಕೂಸುಗಳೂ ಇದ್ದವಲ್ವಾ ಎಂದು ಒಬ್ಬರು. ಮೊದಲು ನಂಬಿದರು, ಆಮೇಲೆ ನೀರಿಗಿಳಿದರು ಎಂದು ಇನ್ನೊಬ್ಬರು. ಗ್ರೀಕಿನ ಮೂಲ ಪದಕ್ಕೆ ಅದ್ದು, ಮುಳುಗಿಸು ಎನ್ನುವ ಅರ್ಥ ಇದೆ, ಅದು ನಿಜ. ಆದರೆ ಮೊದಲ ಕಾಲದ ಸಭೆಯ ಕೈಪಿಡಿ ‘ದಿದಖೆ’ಯಲ್ಲಿ, ಹರಿಯುವ ನೀರು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಎಂದಿದೆ. ನಮ್ಮ ಮುಂದಿನ ಬೆಂಚಿನ ಅಜ್ಜನಿಗಿಂತ ಅವರು ಸಡಿಲ ಇದ್ದರು.

ನನ್ನ ತಕರಾರು ನೀರಿನದಾಗಿರಲಿಲ್ಲ, ಅಧೀನತೆಯದು.

17ನೇ ವಯಸ್ಸಿನಲ್ಲಿ ಒಂದು ಯುವಕರ ಗುಂಪಿನಲ್ಲಿ ನನ್ನನ್ನು ದೀಕ್ಷಾಸ್ನಾನಕ್ಕೆ ತಯಾರು ಮಾಡಿದರು. ಕೊನೆಯ ವಾರ ಒಂದು ಹಾಳೆ ಕೊಟ್ಟರು. ಯಾವ ಕಾಲೇಜು, ಯಾವ ಕೆಲಸ, ಯಾರ ಜೊತೆ ಮದುವೆ, ಎಲ್ಲಕ್ಕೂ ನಾಯಕರ ಅನುಮತಿ ಕೇಳಬೇಕು ಎಂದು ಬರೆದಿತ್ತು. ಕೆಳಗೆ ಸಹಿಗೆ ಜಾಗ. ನಾನು ಸಹಿ ಮಾಡಲಿಲ್ಲ. "ನೋಡಿದ ನಾಯಕರಿಗೇ ಅಧೀನಳಾಗದವಳು ನೋಡದ ದೇವರಿಗೆ ಹೇಗಾಗ್ತೀ?" ಎಂದರು. ಮಾತು ಚೆನ್ನಾಗಿತ್ತು, ಉತ್ತರ ಹೊಳೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. ಆಮೇಲೆ ಇಪ್ಪತ್ತು ವರ್ಷದ ಮೇಲೆ ‘ಅಧೀನತೆ’ ಎನ್ನುವ ಪದ ಕಿವಿಗೆ ಬಿದ್ದರೆ ಸಾಕು, ಮೈ ಉರಿಯುತ್ತಿತ್ತು. ಮದುವೆಗಳಲ್ಲಿ ಬೈಬಲಿನ ಎಫೆಸದವರ ಪತ್ರ ಓದುತ್ತಾರಲ್ಲ, ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕು ಎನ್ನುವ ಭಾಗ, ಆಗ ನಾನು ಊಟದ ಹಾಲ್ ಕಡೆ ಹೋಗಿ ನಿಲ್ಲುತ್ತಿದ್ದೆ.

ನನಗೆ ಧೈರ್ಯ ಕೊಟ್ಟವಳು ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ. ಅವಳ ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳ ಕಡೆಯವರು. ಅವಳು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದಳು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಳು. ಆದರೆ ಆಮೇಲೆ ಅಲ್ಲಿನ ಕನ್ಯಾಸ್ತ್ರೀ ಜೆರಾಲ್ಡಿನ್ ಜೊತೆ ಅವಳದು ದೊಡ್ಡ ಪತ್ರ ಜಗಳ. ಜೆರಾಲ್ಡಿನ್ ವಿಧೇಯಳಾಗಿರು ಎನ್ನುವುದು, ರಮಾಬಾಯಿ ಪ್ರಶ್ನೆ ಕೇಳುವುದು. ಒಂದು ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿ ಬಂದಿದ್ದೇನೆ, ಪಾದ್ರಿಗಳು ಹೇಳಿದ್ದೆಲ್ಲ ದೇವರ ಆಜ್ಞೆ ಎಂದುಕೊಂಡು ಅಂಥದ್ದೇ ಇನ್ನೊಂದು ನೊಗಕ್ಕೆ ಕೊರಳು ಕೊಡಲಾರೆ ಎನ್ನುವ ಅರ್ಥದಲ್ಲಿ ಬರೆದಳು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೀರಿಗಿಳಿದವಳೇ ಹೀಗೆ ಬರೆದಿದ್ದಾಳಲ್ಲ! ಹಾಗಾದರೆ ಆ ಹಾಳೆಗೆ ಸಹಿ ಹಾಕದೆಯೂ ನೀರಿಗೆ ಇಳಿಯಬಹುದು.

ಆದರೂ ಇನ್ನೊಂದು ತೊಡಕಿತ್ತು. ಯಾರಿಗೂ ಬಗ್ಗುವುದಿಲ್ಲ ಎನ್ನುವುದೇ ನನ್ನ ಚಾಳಿಯಾಗಿಬಿಟ್ಟಿತ್ತು. ಆಫೀಸಿನಲ್ಲಿ ನಾನೇ, ಮನೆಯಲ್ಲಿ ನಾನೇ. ಅದನ್ನು ಬಿಡಿಸಿದ್ದು ಯಾರ ಬೋಧನೆಯೂ ಅಲ್ಲ. ಚಿಕ್ಕಪ್ಪನ ಮೊಮ್ಮಗಳ ದೀಕ್ಷಾಸ್ನಾನಕ್ಕೆ ಬೆಟಗೇರಿಗೆ ಹೋಗಿದ್ದೆ. ಮತ್ತಾಯನ ಸುವಾರ್ತೆಯ 3ನೇ ಅಧ್ಯಾಯ ಓದಿದರು. ಯೊರ್ದನ್ ಹೊಳೆಯಲ್ಲಿ ಯೋಹಾನ ಜನರಿಗೆ ದೀಕ್ಷಾಸ್ನಾನ ಕೊಡುತ್ತಿದ್ದಾನೆ. ಯೆರೂಸಲೇಮಿನವರು, ಯೂದಾಯದವರು, ಪಾಪ ಒಪ್ಪಿಕೊಂಡವರು ಎಲ್ಲ ಬರುತ್ತಿದ್ದಾರೆ. ಅಲ್ಲಿಗೆ ಯೇಸುವೂ ಬರುತ್ತಾನೆ. ಯೋಹಾನ ಬೇಡವೆನ್ನುತ್ತಾನೆ: ನಾನೇ ನಿನ್ನಿಂದ ಮಾಡಿಸಿಕೊಳ್ಳಬೇಕು, ನೀನು ನನ್ನ ಹತ್ತಿರ ಬರುವುದೇ? ಈಗ ಒಪ್ಪಿಕೋ ಎನ್ನುತ್ತಾನೆ ಯೇಸು.

ನೂರು ಸಲ ಕೇಳಿದ ಕಥೆ. ಆವತ್ತು ಮಾತ್ರ ರೇಷನ್ ಅಂಗಡಿಯ ಪಾಳಿ ಕಣ್ಣಿಗೆ ಬಂತು. ಯೇಸು ಆ ಪಾಳಿಯಲ್ಲಿ ನಿಂತಿದ್ದಾನೆ. ನಾನು ಯಾರು ಗೊತ್ತಾ ಎನ್ನುತ್ತಿಲ್ಲ. ತನಗಿಂತ ಚಿಕ್ಕವನ ಕೈಗೆ ತಲೆ ಕೊಡುತ್ತಿದ್ದಾನೆ. ಆ ನಾಯಕರು ನನಗೆ ಹೇಳಿಕೊಟ್ಟ ಅಧೀನತೆಯಲ್ಲಿ ಚಿಕ್ಕವರು ದೊಡ್ಡವರಿಗೆ ಬಗ್ಗಬೇಕು. ಇಲ್ಲಿ ದೊಡ್ಡವನೇ ಬಗ್ಗಿದ್ದಾನೆ, ಅದೂ ಯಾರೂ ಒತ್ತಾಯ ಮಾಡದೆ. ಒತ್ತಾಯ ಹೋಗಲಿ, ಎದುರಿಗಿದ್ದವನು ಬೇಡವೆನ್ನುತ್ತಿದ್ದಾನೆ!

ಮನೆಗೆ ಬಂದು ಎಫೆಸದವರ ಪತ್ರವನ್ನು ಮೊದಲ ಸಲ ಪೂರ್ತಿ ಓದಿದೆ. ಹೆಂಡತಿಯರ ಮಾತು ಬರುವುದು 5ನೇ ಅಧ್ಯಾಯದ 22ನೇ ವಚನದಲ್ಲಿ. ಅದಕ್ಕೆ ಮೊದಲು, 21ರಲ್ಲಿ, ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎಂದು ಎಲ್ಲರಿಗೂ ಹೇಳಿದೆ. ಗ್ರೀಕಿನ ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 22ರಲ್ಲಿ ಆ ಕ್ರಿಯಾಪದವೇ ಇಲ್ಲವಂತೆ, 21ರಿಂದ ಎರವಲು ತರಬೇಕು. ಮದುವೆಯಲ್ಲಿ 22ರಿಂದ ಶುರು ಮಾಡುವವರಿಗೆ ಇದನ್ನು ತೋರಿಸಬೇಕು ಅನಿಸಿತು. ಗಂಡನಿಗೆ ತೋರಿಸಿದೆ. "ಹಂಗಾದ್ರ ಇವತ್ತು ಪಾತ್ರೆ ನಾ ತೊಳೀಬೇಕೇನು?" ಎಂದರು. ತೊಳೆದರು ಕೂಡ.

ನಾವು ಈಗ ಹೋಗುವ ಸಭೆ ಚಿಕ್ಕದು. ಅಲ್ಲಿ ಮುಳುಗಿಸಿಯೇ ದೀಕ್ಷಾಸ್ನಾನ. ಅಲ್ಲಿನ ಪಾಸ್ಟರಿಗೆ ಹೋಗಿ ಹೇಳಿದೆ. ಆರು ಶನಿವಾರ ಸಂಜೆ ತರಗತಿ. ಹಾಳೆ, ಸಹಿ ಏನೂ ಇಲ್ಲ ಎಂದು ಮೊದಲ ದಿನವೇ ಖಾತ್ರಿ ಮಾಡಿಕೊಂಡೆ. ನಾವು ಐದು ಜನ. ರೋಮಾಪುರದವರ ಪತ್ರದ 6ನೇ ಅಧ್ಯಾಯವನ್ನು ಎರಡು ವಾರ ಓದಿದೆವು. ಕ್ರಿಸ್ತನೊಂದಿಗೆ ಹೂಣಲ್ಪಟ್ಟು ಅವನೊಂದಿಗೆ ಏಳುವುದು ಎನ್ನುತ್ತಾನೆ ಆ ಪತ್ರ ಬರೆದ ಪೌಲ. ಪಾಸ್ಟರ್ ವಿವರಿಸಿದ್ದು ಹೀಗೆ: "ಹೆಣ ತಾನೇ ಕುಣಿಯೊಳಗೆ ಇಳಿಯೋದಿಲ್ಲ. ನಾಲ್ಕು ಜನ ಇಳಿಸಬೇಕು. ಅದಕ್ಕೇ ನೋಡಿ, ಯಾರೂ ತಮಗೆ ತಾವೇ ದೀಕ್ಷಾಸ್ನಾನ ಕೊಟ್ಟುಕೊಳ್ಳೋದಿಲ್ಲ."

ನಾಲ್ಕನೇ ವಾರ ಅವರು ಒಂದು ಪ್ರಶ್ನೆ ಕೇಳಿದರು. ಯಾರ ಜೊತೆ ಮಾತು ಬಿಟ್ಟಿದ್ದೀರಿ? ಉತ್ತರ ನನಗೆ ಹೇಳಬೇಡಿ, ನೀವೇ ಇಟ್ಟುಕೊಳ್ಳಿ ಎಂದರು. ನನಗೆ ಸಿಟ್ಟು ಬಂತು. ಬೆಟಗೇರಿಯ ಜಾಗದ ವಿಷಯದಲ್ಲಿ ಅಣ್ಣನ ಜೊತೆ ಮೂರು ವರ್ಷದಿಂದ ಮಾತಿರಲಿಲ್ಲ, ತಪ್ಪು ಅವನದೇ ಜಾಸ್ತಿ. ಎರಡು ದಿನ ಬಿಟ್ಟು ಫೋನ್ ಮಾಡಿದೆ. "ಏನು ಬೇಕಾಗಿತ್ತು?" ಎಂದ. ದೀಕ್ಷಾಸ್ನಾನ ಇದೆ, ಬಾ ಎಂದೆ. ನೋಡೋಣ ಎಂದ. ಬರಲಿಲ್ಲ. ಒಂದು ತಿಂಗಳ ಮೇಲೆ ಅವ್ವನ ಪಿಂಚಣಿ ಕಾಗದ ಎಲ್ಲಿದೆ ಎಂದು ಕೇಳಲು ಅವನೇ ಫೋನ್ ಮಾಡಿದ. ಸದ್ಯಕ್ಕೆ ನಮ್ಮದು ಅಷ್ಟರಮಟ್ಟಿಗಿದೆ.

ಪಕ್ಕದ ಮನೆಯ ಅಕ್ಕ ಲಿಂಗಾಯತರು. ಆಮಂತ್ರಣ ಹೇಳಲು ಹೋದಾಗ, "ದೀಕ್ಷೆ ಅಂದ್ರ ಗುರು ಇರಬೇಕಲ್ಲ, ನಿನ್ನ ಗುರು ಯಾರವ್ವ? ಆ ಪಾಸ್ಟರೇನು?" ಎಂದು ಕೇಳಿದರು. ಅವರ ಮನೆಯಲ್ಲಿ ಲಿಂಗದೀಕ್ಷೆ ಆದದ್ದನ್ನು ನಾನು ನೋಡಿದ್ದೇನೆ, ಗುರುಗಳೇ ಇಷ್ಟಲಿಂಗವನ್ನು ಅಂಗೈಗೆ ಕೊಡುತ್ತಾರೆ. ಪ್ರಶ್ನೆ ಸರಿಯಾದದ್ದೇ. ನಮ್ಮಲ್ಲಿ ಕೈ ಪಾಸ್ಟರದು, ಗುರು ಅವರಲ್ಲ ಎಂದೆ. ಕೊರಿಂಥದ ಸಭೆಯವರು ನಾನು ಇವರ ಕಡೆ, ನಾನು ಅವರ ಕಡೆ ಎಂದು ಗುಂಪು ಕಟ್ಟಿಕೊಂಡಾಗ ಪೌಲ ರೇಗಿದ್ದು ಇದಕ್ಕೇ. ನಿಮಗೆ ಪೌಲನ ಹೆಸರಿನಲ್ಲಿ ದೀಕ್ಷಾಸ್ನಾನವಾಯಿತೋ ಎಂದು ಕೇಳುತ್ತಾನೆ. ಕ್ರಿಸ್ಪ, ಗಾಯ, ಸ್ತೆಫನನ ಮನೆಯವರು, ಇಷ್ಟು ಜನರಿಗೆ ಬಿಟ್ಟರೆ ಯಾರಿಗೂ ನಾನು ಕೊಟ್ಟ ನೆನಪಿಲ್ಲ, ಸದ್ಯ ಎನ್ನುತ್ತಾನೆ. ತಾನು ಎಷ್ಟು ಜನರನ್ನು ಮುಳುಗಿಸಿದೆ ಎಂದು ಲೆಕ್ಕ ಹೇಳುವ ಬೋಧಕರು ಇದನ್ನು ಓದಬೇಕು.

ಇನ್ನು ಆ ದಿನ. ವೇದಿಕೆಯ ಹಲಗೆ ಎತ್ತಿದರೆ ಕೆಳಗೆ ಸಿಮೆಂಟ್ ತೊಟ್ಟಿ, ಒಂದು ಕಡೆ ಮೆಟ್ಟಿಲು. ಶನಿವಾರ ರಾತ್ರಿಯೇ ಬೋರ್‌ವೆಲ್ ನೀರು ಬಿಟ್ಟಿದ್ದರು. ಸೊಂಟದ ಮೇಲೆ ಬರುವಷ್ಟು ನೀರು, ಬೆಳಿಗ್ಗೆ ಹಿಮದ ಹಾಗೆ ತಣ್ಣಗಿತ್ತು. ಬಿಳಿ ಬಟ್ಟೆಯೇ ಬೇಕು ಎನ್ನುವವರಿದ್ದಾರೆ. ಹೆಂಗಸರಿಗೆ ನನ್ನ ಸಲಹೆ: ದಪ್ಪ ಬಟ್ಟೆಯ ಚೂಡಿದಾರ, ಗಾಢ ಬಣ್ಣದ್ದು, ಅದರ ಮೇಲೆ ಬೇಕಾದರೆ ಸಭೆಯವರ ಬಿಳಿ ನಿಲುವಂಗಿ. ವೇಲ್‌ಗೆ ಪಿನ್ ಹಾಕಿ. ಟವೆಲ್ ಎರಡು ಇಟ್ಟುಕೊಳ್ಳಿ. ಹಿಂದಿನ ದಿನ ನಾನು ಉಪವಾಸ ಇದ್ದೆ, ಯಾರೂ ಹೇಳಿರಲಿಲ್ಲ, ಅದಕ್ಕೇ ಇರಬೇಕು ಚಳಿ ಇನ್ನೂ ಜಾಸ್ತಿ ಆಯಿತು.

ಸಾಕ್ಷಿ ಹೇಳುವಾಗ ಎರಡೇ ಮಾತು ಹೇಳಿದೆ, ಹಲ್ಲು ಕಟಕಟ ಎನ್ನುತ್ತಿತ್ತು. ಪಾಸ್ಟರ್ ಒಂದು ಕೈಯನ್ನು ಬೆನ್ನ ಹಿಂದಿಟ್ಟು, ಇನ್ನೊಂದರಲ್ಲಿ ನನ್ನ ಜೋಡಿಸಿದ ಕೈಗಳನ್ನು ಹಿಡಿದರು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದು ಬಾಗಿಸಿದರು. ಆಮೇಲೆ ಆದದ್ದನ್ನು ಮೊದಲೇ ಹೇಳಿದ್ದೇನೆ.

ಚಿಕ್ಕಂದಿನಲ್ಲಿ ಕೆರೆಯಲ್ಲಿ ಕಾಲು ಜಾರಿ ನೀರು ಕುಡಿದಿದ್ದೆ. ಆ ಹೆದರಿಕೆ ಇದೆ ಎಂದು ಪಾಸ್ಟರಿಗೆ ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಅಜ್ಜ ಕೂಗಿದರು, ಜನ ನಕ್ಕರು, ನನಗೆ ಅಳು ಬರುವ ಹಾಗಾಯಿತು. ಪಾಸ್ಟರ್ ನನ್ನ ಕಿವಿ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಅಕ್ಕಾರ, ಇಷ್ಟಕ್ಕ ಸಾಕಂದ್ರ ಸಾಕು. ದೇವರು ಹಣಿ ಅಳತಿ ಮಾಡೋದಿಲ್ಲ. ಇನ್ನೊಮ್ಮೆ ಅಂದ್ರ ಇನ್ನೊಮ್ಮೆ. ನೀವ ಹೇಳ್ರಿ."

ಅವರು ನನ್ನನ್ನು ಕೇಳಿದರು. 17ನೇ ವಯಸ್ಸಿನಲ್ಲಿ ಯಾರೂ ಕೇಳಿರಲಿಲ್ಲ.

ಇನ್ನೊಮ್ಮೆ ಎಂದೆ. "ಹಂಗಾದ್ರ ಮೈ ಸಡ್ಲ ಬಿಡ್ರಿ, ನನ್ನ ಕೈ ಹಿಡೀಬ್ಯಾಡ್ರಿ, ನಾ ಹಿಡೀತೀನಿ" ಎಂದರು. ಕಣ್ಣು ಮುಚ್ಚಿದೆ. ಮೊದಲು ಮೊಣಕಾಲು ಸಡಿಲವಾಯಿತು, ಆಮೇಲೆ ಭುಜ, ಕೊನೆಗೆ ಕತ್ತು. ನೀರು ಕಿವಿ ದಾಟಿತು, ಹಣೆ ದಾಟಿತು. ಹಾಡು ನಿಂತ ಹಾಗಾಯಿತು. ಒಳಗೆ ಒಂದು ಕ್ಷಣ ಯಾವ ಸದ್ದೂ ಇಲ್ಲ, ನಾನು ಮಾಡಬೇಕಾದದ್ದು ಏನೂ ಇಲ್ಲ. ಏಳುವುದೂ ನನ್ನ ಕೆಲಸವಲ್ಲ. ಯಾರೋ ಎತ್ತಿದರು. ಮೂಗಿನಲ್ಲಿ, ಬಾಯಲ್ಲಿ ನೀರು, ಕೆಮ್ಮು. ಗಂಡ ಟವೆಲ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು.

ಆಮೇಲೆ ನಾನೇನೂ ಮೆತ್ತಗಾಗಲಿಲ್ಲ. ಎರಡು ತಿಂಗಳಿಗೆ ಸಭೆಯ ಹಿರಿಯರೊಬ್ಬರು, ಲೆಕ್ಕಪತ್ರದಲ್ಲಿ ನಾನು ಕೇಳಿದ ಪ್ರಶ್ನೆಗೆ, "ದೀಕ್ಷಾಸ್ನಾನ ಆಗೇತಿ, ಇನ್ನ ಸ್ವಲ್ಪ ತಗ್ಗಿ ನಡೀರಿ" ಎಂದರು. ನೀವು ರಸೀದಿ ತೋರಿಸಿ, ಆಮೇಲೆ ತಗ್ಗುತ್ತೇನೆ ಎಂದೆ. ಆದರೆ ಅದೇ ವಾರ ಆಫೀಸಿನಲ್ಲಿ ಹೊಸ ಹುಡುಗಿಯೊಬ್ಬಳು ನನ್ನ ತಪ್ಪು ಎತ್ತಿ ತೋರಿಸಿದಳು. ಮೊದಲಾಗಿದ್ದರೆ ಅವಳಿಗೆ ಏನಾದರೂ ಅಂದುಬಿಡುತ್ತಿದ್ದೆ. ಕತ್ತು ಸೆಟೆದುಕೊಳ್ಳುವುದು ನನಗೇ ಗೊತ್ತಾಯಿತು, ತೊಟ್ಟಿಯಲ್ಲಿ ಆದ ಹಾಗೆಯೇ. ಹೌದಮ್ಮ, ನಂದೇ ತಪ್ಪು ಎಂದೆ. ಕಷ್ಟ ಆಯಿತು.

ಕಳೆದ ತಿಂಗಳು ಮತ್ತೆ ಮೂವರಿಗೆ ದೀಕ್ಷಾಸ್ನಾನ ಇತ್ತು. ಮೆಟ್ಟಿಲ ಹತ್ತಿರ ಟವೆಲ್ ಹಿಡಿಯುವ ಕೆಲಸ ನನ್ನದು. ಪಿಯುಸಿ ಓದುವ ಹುಡುಗಿಯೊಬ್ಬಳು ನೀರಿಗೆ ಕಾಲಿಟ್ಟು, ತಕ್ಷಣ ಹಿಂದಕ್ಕೆ ಎಳೆದುಕೊಂಡಳು.

"ಆಂಟಿ, ಮೂಗಿನೊಳಗ ನೀರು ಹೋಗ್ತದೇನ್ರಿ?"

"ಹೋಗ್ತದವ್ವ" ಎಂದೆ. ಅವಳು ಒಂದು ನಿಮಿಷ ಯೋಚನೆ ಮಾಡಿ, ಇಳಿದಳು.